ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ

ಮುಂಬಯಿಯ ಮಾಟುಂಗಾ ಸ್ಟೇಷನ್ ನೋಡೋಕೆ ಅಂಥದ್ದೇನೂ ಇಲ್ಲ. ದಾದರ್ ಮತ್ತು ಸಾಯನ್ ನಡುವೆ ಬರುವ ಸಣ್ಣ ನಿಲ್ದಾಣ. ಸೆಂಟ್ರಲ್ ಲೈನಿನ ಸ್ಲೋ ಗಾಡಿಗಳು, ಅಂದರೆ ಎಲ್ಲಾ ಸ್ಟೇಷನ್ನಿನಲ್ಲೂ ನಿಂತು ಹೋಗುವ ಲೋಕಲ್ ರೈಲುಗಳು, ಮಾತ್ರ ಇಲ್ಲಿ ನಿಲ್ಲುತ್ತವೆ. ಸಣ್ಣ ಸ್ಟೇಷನ್ ಬಿಟ್ಟು ಓಡುವ ಫಾಸ್ಟ್ ಗಾಡಿಗಳು ನಿಲ್ಲುವುದಿಲ್ಲ. ಬೆಳಿಗ್ಗೆ ಆಫೀಸಿಗೆ ಹೊರಟವರು ತಮ್ಮ ಗಾಡಿಗಾಗಿ ನಿಮಿಷ ಲೆಕ್ಕ ಹಾಕುತ್ತಾರೆ ನಿಜ. ಆದರೆ ಅದು ತಪ್ಪಿದರೆ ಯಾರೂ ತಲೆ ಮೇಲೆ ಕೈ ಹೊತ್ತು ಕೂರುವುದಿಲ್ಲ, ಹಿಂದೆಯೇ ಇನ್ನೊಂದು ಬರುತ್ತದೆ.

ನಮ್ಮ ಬೆಂಗಳೂರಲ್ಲಿ ಇಲ್ಲದಿರುವುದು ಇದೇ. ಸ್ಟೇಷನ್‌ಗಳಿಗೇನೂ ಕೊರತೆಯಿಲ್ಲ. ಮಲ್ಲೇಶ್ವರ, ಹೆಬ್ಬಾಳ, ಬಾಣಸವಾಡಿ, ಕಾರ್ಮೆಲರಾಂ, ಹೀಲಲಿಗೆ, ಎಲ್ಲಾ ಕಡೆ ಪ್ಲಾಟ್‌ಫಾರ್ಮ್ ಇದೆ, ಬೋರ್ಡ್ ಇದೆ. ಒಂದು ಗಾಡಿ ಹೋದರೆ ಮುಂದಿನದು ಯಾವಾಗ ಅನ್ನೋದೇ ಚಿಂತೆ. ಅದಕ್ಕೇ ಜನ ಬೈಕ್ ತೆಗೆಯುತ್ತಾರೆ. ಅವರದೇನು ತಪ್ಪು?

ಮಾಟುಂಗಾದ ಬಲ ಇರುವುದು ಹಳಿಗಳಲ್ಲಿ. ಇಲ್ಲಿ ಸ್ಲೋ ಗಾಡಿಗೆ ಒಂದು ಜೋಡಿ ಹಳಿ, ಫಾಸ್ಟ್ ಗಾಡಿಗೆ ಇನ್ನೊಂದು. ಭಾನುವಾರದ ಮೆಗಾಬ್ಲಾಕ್ (ರಿಪೇರಿಗೆ ಕೆಲವು ಗಂಟೆ ಹಳಿ ಬಂದ್ ಮಾಡುವುದು) ಸುದ್ದಿಯಲ್ಲಿ ‘ಮಾಟುಂಗಾ–ಮುಲುಂಡ್’ ಅಂತ ಮತ್ತೆ ಮತ್ತೆ ಬರುವುದು ಅದಕ್ಕೇ. ರಿಪೇರಿ ದಿನ ಫಾಸ್ಟ್ ಗಾಡಿಯನ್ನು ಇಲ್ಲಿಂದಲೇ ಸ್ಲೋ ಹಳಿಗೆ ಹೊರಳಿಸುತ್ತಾರೆ. ಬೆಂಗಳೂರಿನ ಮೆಮು ಗಾಡಿಗೆ, ಅಂದರೆ ಹತ್ತಿರದ ಊರುಗಳಿಗೆ ಓಡುವ ವಿದ್ಯುತ್ ರೈಲಿಗೆ, ಆ ಭಾಗ್ಯವಿಲ್ಲ. ದೂರದ ಎಕ್ಸ್‌ಪ್ರೆಸ್ ಓಡುವ ಹಳಿಯಲ್ಲೇ ಅದೂ ಓಡಬೇಕು, ಎಕ್ಸ್‌ಪ್ರೆಸ್ ಬಂದರೆ ಬದಿಗೆ ನಿಲ್ಲಬೇಕು.

ಮುಂಬಯಿಗೂ ಇದು ಒಂದೇ ದಿನದಲ್ಲಿ ಸಿಗಲಿಲ್ಲ. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆಗೆ ಉಗಿಬಂಡಿ ಓಡಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಗೆ ಹಾರ್ಬರ್ ಲೈನಿನಲ್ಲಿ ದೇಶದ ಮೊದಲ ವಿದ್ಯುತ್ ರೈಲು ಬಂತು. ವಿದ್ಯುತ್ ಗಾಡಿ ಬೇಗ ವೇಗ ಹಿಡಿಯುತ್ತದೆ, ಹಾಗಾಗಿ ಹತ್ತಿರ ಹತ್ತಿರ ನಿಂತರೂ ಜಾಸ್ತಿ ಹೊತ್ತು ಹಾಳಾಗುವುದಿಲ್ಲ. ಸಣ್ಣ ಸ್ಟೇಷನ್‌ಗಳು ಬದುಕಿದ್ದೇ ಅದರಿಂದ.

ಅವುಗಳ ಸುತ್ತ ಊರೂ ಬೆಳೆಯಿತು. ಮಾಟುಂಗಾಗೆ ದಕ್ಷಿಣದವರು ಬಂದು ನೆಲೆಸಿದರು. 1926ರಲ್ಲಿ ಶುರುವಾದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ದೂರದ ಉಪನಗರದ ಕನ್ನಡಿಗನೂ ಸಂಜೆ ಅಲ್ಲಿ ನಾಟಕ ನೋಡಿ ರಾತ್ರಿ ಮನೆ ಸೇರಬಹುದು, ಲೋಕಲ್ ಇರುತ್ತದಲ್ವಾ! 2017ರಿಂದ ಈ ಸ್ಟೇಷನ್ನನ್ನು ಹೆಂಗಸರೇ ನಡೆಸುತ್ತಿದ್ದಾರೆ. ಟಿಕೆಟ್ ಕೊಡುವುದು, ತಪಾಸಣೆ, ಭದ್ರತೆ, ಅನೌನ್ಸ್‌ಮೆಂಟ್, ಎಲ್ಲಾ ಅವರದೇ. ದೇಶದಲ್ಲಿ ಇಂಥ ಮೊದಲ ಉಪನಗರ ನಿಲ್ದಾಣ ಅಂತ ಲಿಮ್ಕಾ ದಾಖಲೆ ಪುಸ್ತಕಕ್ಕೂ ಸೇರಿತು. ನನಗೆ ತುಂಬಾ ಹೆಮ್ಮೆ.

ಹಾಗಂತ ಮುಂಬಯಿಯದೆಲ್ಲ ಬೆಂಗಳೂರಿಗೆ ಬೇಡ. ಬಾಗಿಲಲ್ಲಿ ಜೋತು ಬೀಳುವ ಜನ, ಹಳಿ ದಾಟುವಾಗ ಹೋಗುವ ಪ್ರಾಣ, ಇದನ್ನು ಯಾರೂ ಕಲಿಯಬಾರದು.

ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. 148 ಕಿಲೋಮೀಟರ್, 4 ಕಾರಿಡಾರ್. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚಂದದ ಹೆಸರು. ಪ್ರತ್ಯೇಕ ಹಳಿ ಹಾಕುತ್ತಿದ್ದಾರೆ, ಅದು ಸರಿಯಾದ ದಾರಿ. ಇನ್ನು ಸ್ಟೇಷನ್ ಕಟ್ಟಡದ ಚಿತ್ರ ತೋರಿಸಿದಾಗ ಚಪ್ಪಾಳೆ ತಟ್ಟುವ ಮುಂಚೆ ಊರಿನವರು ಒಂದು ಮಾತು ಕೇಳಲಿ. ಎಲ್ಲಕ್ಕಿಂತ ಸಣ್ಣ ಸ್ಟೇಷನ್‌ನಲ್ಲಿ, ಮಧ್ಯಾಹ್ನ 2 ಗಂಟೆಗೆ, ಎಷ್ಟು ನಿಮಿಷಕ್ಕೊಂದು ಗಾಡಿ?