ಕುದುರೆ ಟೂರಿಸ್ಟು, ನಾನು ಲಗೇಜು

ಕುದುರೆ ಮೇಲೆ ಕೂತು ಹಿಮದ ಬೆಟ್ಟ ಸುತ್ತೋ ಟೂರು ಅಂದ್ರೆ ಎಲ್ರೂ ಅಂದ್ಕೊಳೋದು ನಾವು ಮೇಲ್ಗಡೆ ಗತ್ತಾಗಿ ಕೂತಿರ್ತೀವಿ, ಕುದುರೆ ಕೆಳಗಡೆ ದುಡೀತಿರುತ್ತೆ ಅಂತ. ಶುದ್ಧ ಸುಳ್ಳು. ಆ ಟೂರಲ್ಲಿ ಟೂರಿಸ್ಟು ಅಂದ್ರೆ ಕುದುರೆ. ಬೆಳಗ್ಗೆ ಮೊದಲ ತಿಂಡಿ ಅದಕ್ಕೆ, ಸಂಜೆ ಕ್ಯಾಂಪಿಗೆ ಬಂದ್ ತಕ್ಷಣ ಮೈ ಉಜ್ಜೋದು ಅದಕ್ಕೆ, ಗೊರಸಲ್ಲಿ ಕಲ್ಲು ಸಿಕ್ಕೊಂಡಿದ್ಯಾ ಅಂತ ಒಂದೊಂದೇ ಕಾಲು ಎತ್ತಿ ನೋಡೋದು ಅದರದ್ದು. ಹೊಳೆ ಸಿಕ್ಕಿದ್ರೆ ಅದು ಕುಡಿದು ಮುಗಿಸೋವರೆಗೂ ನಾವು ಬಾಯಿ ಒಣಗಿಸ್ಕೊಂಡು ಮೇಲೆ ಕೂತಿರ್ಬೇಕು.

ನಮ್ದು ಚಿಂತಾಮಣಿ, ಬೀಜ ಗೊಬ್ಬರದ ಅಂಗಡಿ. ಕುದುರೆಗೂ ನಂಗೂ ಇದ್ದ ಸಂಬಂಧ ಅಂದ್ರೆ ಚಿಕ್ಕವನಿದ್ದಾಗ ಬಸ್ ಸ್ಟ್ಯಾಂಡಿಂದ ಮನೆಗೆ ಜಟಕಾದಲ್ಲಿ ಬರ್ತಿದ್ದದ್ದು ಅಷ್ಟೇ, ಅದರಲ್ಲಿ ಮನುಷ್ಯ ಕೂರೋದು ಕುದುರೆ ಹಿಂದೆ, ಈಗ್ಲೂ ನನ್ನ ಪ್ರಕಾರ ಅದೇ ಸರಿಯಾದ ಜಾಗ. ಆದ್ರೆ ಅಮೆರಿಕದ ಸಿಯಾಟಲ್ಲಲ್ಲಿರೋ ಬಾಮೈದ ಬಿಡ್ಬೇಕಲ್ಲ. "ಭಾವ, ಊರೆಲ್ಲಾ ಸುತ್ತಿದ್ದಾಯ್ತು, ಈಗ ನಿಜವಾದ ಕಾಡು ತೋರಿಸ್ತೀನಿ" ಅಂದ್ಬಿಟ್ಟು ಗ್ಲೇಸಿಯರ್ ಪೀಕ್ ಅನ್ನೋ ಹಿಮದ ಬೆಟ್ಟದ ಕಡೆಗೆ ಬುಕ್ ಮಾಡೇಬಿಟ್ಟ. ಅದರ ಫಾರ್ಮಲ್ಲಿ ಸವಾರಿ ಅನುಭವ ಎಷ್ಟು ಅಂತ ಕೇಳಿದ್ರೆ "ಸ್ವಲ್ಪ" ಅಂತ ಟಿಕ್ ಮಾಡಿದ್ದಾನೆ, ಯಾಕೋ ಅಂದ್ರೆ "ಜಟಕಾ ಇತ್ತಲ್ಲ ಭಾವ" ಅಂತಾನೆ. ತೂಕಾನೂ ಕೇಳಿದ್ರು. ನಾನು ಒಂದು ಹೇಳಿದೆ, ನನ್ನ ಹೆಂಡ್ತಿ ಒಳಗಿನ ರೂಮಿಂದ ಸರಿಯಾದ್ದು ಕೂಗಿ ಹೇಳಿದ್ಳು.

ಅಲ್ಲಿಗೆ ಹೋಗೋದೇ ಒಂದು ಕಥೆ. ಸ್ಟೆಹೀಕಿನ್ ಅಂತ ಒಂದು ಹಳ್ಳಿ, ಹೊರಗಿಂದ ಅಲ್ಲಿಗೆ ರೋಡೇ ಇಲ್ಲ. ಶೆಲಾನ್ ಅನ್ನೋ ಕೆರೆ ಮೇಲೆ ದೋಣೀಲಿ ಹೋಗ್ಬೇಕು, ಇಲ್ಲಾಂದ್ರೆ ನೀರಿನ ಮೇಲಿಳಿಯೋ ವಿಮಾನ, ಅದೂ ಇಲ್ಲಾಂದ್ರೆ ಬೆಟ್ಟ ಹತ್ತಿಳಿದು ನಡ್ಕೊಂಡು. ಚಿಂತಾಮಣಿಯಿಂದ ಬೆಂಗಳೂರಿಗೆ ಎಷ್ಟು ದೂರಾನೋ ಹೆಚ್ಚೂಕಮ್ಮಿ ಅಷ್ಟುದ್ದ ಇದೆ ಆ ಕೆರೆ, ಆಳ 453 ಮೀಟರ್. ನಮ್ಮ ಕಡೆ ಸಾವಿರ ಅಡಿ ಬೋರ್ ಕೊರೆಸಿದ್ರೂ ಧೂಳು ಬರುತ್ತೆ, ಇಲ್ಲಿ ಸಾವಿರದ ನಾನೂರು ಚಿಲ್ಲರೆ ಅಡಿ ಬರೀ ನೀರು, ಅದೂ ಸುಮ್ನೆ ನಿಂತಿದೆ. ದೋಣಿ ಇಳಿಯೋವರೆಗೂ ನಂಗೆ ಹೊಟ್ಟೆ ಉರಿ ಕಮ್ಮಿ ಆಗ್ಲಿಲ್ಲ.

ಗೈಡು ಒಬ್ಳು ಹುಡುಗಿ, ನನ್ನ ಮಗಳ ವಯಸ್ಸು ಇರ್ಬೇಕು, ನಗೋದು ಕಮ್ಮಿ. ಹೇಸರಗತ್ತೆ ಮೇಲೆ ಹೇರೋ ಸಾಮಾನನ್ನ ತಕ್ಕಡಿಗೆ ನೇತುಹಾಕಿ ಎಡಗಡೆ ಬಲಗಡೆ ತೂಕ ಸಮ ಮಾಡ್ತಿದ್ಳು. ಒಂದು ಕಡೆ ಜಾಸ್ತಿ ಆದ್ರೆ ಅದರ ಬೆನ್ನು ಹುಣ್ಣಾಗುತ್ತಂತೆ. ಕೊನೆಗೆ ನಮ್ಮ ಹುರಿಹಿಟ್ಟಿನ ಪ್ಯಾಕೆಟ್ಟನ್ನ ಎಡಗಡೆಯಿಂದ ತೆಗೆದು ಬಲಗಡೆಗೆ ಇಟ್ಳು ನೋಡಿ, ಮುಳ್ಳು ನೆಟ್ಟಗೆ ನಿಂತ್ಕೊಳ್ತು. ತೂಕದ ವಿಷಯದಲ್ಲಿ ಅಷ್ಟು ನಿಯತ್ತು ನೋಡಿ ಮೂವತ್ತು ವರ್ಷದಿಂದ ವ್ಯಾಪಾರ ಮಾಡೋ ನಂಗೆ ಸ್ವಲ್ಪ ಇರುಸುಮುರುಸಾಯ್ತು ಅಂತಾನೇ ಇಟ್ಕೊಳ್ಳಿ.

ಆ ಕಾಡಲ್ಲಿ ಒಂದು ಗುಂಪಲ್ಲಿ ಹನ್ನೆರಡು ಜೀವ ಮೀರೋ ಹಾಗಿಲ್ಲ, ಮನುಷ್ಯರು ಪ್ರಾಣಿಗಳು ಎಲ್ಲಾ ಸೇರಿ. ಅಂದ್ರೆ ಲೆಕ್ಕದಲ್ಲಿ ನಾನೂ ಒಂದು, ನನ್ನ ಕೆಳಗಿರೋ ಬಿಸ್ಕೆಟ್ಟೂ ಒಂದು. ಬಿಸ್ಕೆಟ್ ಅಂದ್ರೆ ನನ್ನ ಕುದುರೆ. ನಾನು, ನನ್ನ ಹೆಂಡ್ತಿ, ಬಾಮೈದ, ಗೈಡು, ನಾಲ್ಕು ಕುದುರೆ, ಮೂರು ಹೇಸರಗತ್ತೆ, ಒಟ್ಟು ಹನ್ನೊಂದು. ಬಾಮೈದನ ಹೆಂಡ್ತಿ ಬಂದ್ರೆ ಅವಳಿಗೊಂದು ಕುದುರೆ ಬೇಕು, ಹದಿಮೂರಾಗುತ್ತೆ, ರೂಲ್ಸ್ ಒಪ್ಪಲ್ಲ ಅಂತ ಪಾಪ ಮನೇಲೇ ಉಳ್ಕೊಂಡ್ಳು. ಈಗ ಯೋಚಿಸಿದ್ರೆ ಆ ಲೆಕ್ಕ ಮೊದಲು ಹಾಕಿದ್ದೇ ಅವಳು.

ಇನ್ನೊಂದು ರೂಲ್ಸ್ ಕೇಳಿ. ಕುದುರೆಗೆ ತಗೊಂಡು ಹೋಗೋ ಮೇವಲ್ಲಿ ಕಳೆ ಬೀಜ ಇರ್ಬಾರ್ದು, ಇಲ್ಲ ಅಂತ ಸರ್ಟಿಫಿಕೇಟ್ ಇರೋ ಮೇವೇ ಬೇಕು, ಯಾಕಂದ್ರೆ ಲದ್ದಿ ಮೂಲಕ ಬೇರೆ ಕಡೆ ಕಳೆ ಅವರ ಕಾಡಿಗೆ ಬಂದ್ಬಿಡುತ್ತಂತೆ. ನಂಗೆ ತಡ್ಕೊಳೋಕಾಗ್ಲಿಲ್ಲ. ಅಲ್ಲಮ್ಮಾ, ನಿಮ್ಮ ಕಡೆ ಗೋಧಿ ಜೊತೆ ಬಂತು ಅಂತ ನಮ್ಮೂರಲ್ಲಿ ಪ್ರತಿಯೊಬ್ಬರೂ ಹೇಳೋ ಕಾಂಗ್ರೆಸ್ ಗಿಡ ಇದ್ಯಲ್ಲ, ಹೊಲ ಬದು ಸೈಟು ಬಸ್ ಸ್ಟ್ಯಾಂಡು ಏನೂ ಬಿಟ್ಟಿಲ್ಲ, ಅವತ್ತು ಈ ಸರ್ಟಿಫಿಕೇಟ್ ಎಲ್ಲಿ ಹೋಗಿತ್ತು ಅಂತ ಕೇಳು ಅಂದೆ. ಬಾಮೈದ ಅದನ್ನ ಇಂಗ್ಲಿಷಲ್ಲಿ ಏನು ಹೇಳಿದ್ನೋ ಗೊತ್ತಿಲ್ಲ, ಆ ಹುಡುಗಿ "ಥ್ಯಾಂಕ್ಯೂ" ಅಂದ್ಳು.

ಸರಿ, ಹೊರಟ್ವಿ. ಜೀನು ಹಾಕಿ ಹೊಟ್ಟೆ ಕೆಳಗೆ ಬೆಲ್ಟ್ ಬಿಗೀವಾಗ ಬಿಸ್ಕೆಟ್ ಜೋರಾಗಿ ಉಸಿರೆಳ್ಕೊಂಡು ಹೊಟ್ಟೆ ಉಬ್ಬಿಸಿ ನಿಂತಿತ್ತು. ನಾನು ಅದನ್ನ ಭಕ್ತಿ ಅಂದ್ಕೊಂಡೆ. ಸ್ವಲ್ಪ ದೂರ ಹೋದ್ಮೇಲೆ ಅದು ಆರಾಮಾಗಿ ಉಸಿರು ಬಿಡ್ತು, ಹೊಟ್ಟೆ ಇಳೀತು, ಬೆಲ್ಟ್ ಸಡಿಲ ಆಯ್ತು, ಮುಂದೆ ಇದ್ದ ಮರಗಳೆಲ್ಲಾ ನಿಧಾನಕ್ಕೆ ಬಲಗಡೆಗೆ ವಾಲೋಕೆ ಶುರು ಮಾಡಿದ್ವು. ಮರಗಳಲ್ಲ, ನಾನು. ಜೀನು ಸಮೇತ ಎಡಗಡೆಗೆ ಜಾರ್ತಾ ಇದ್ದೀನಿ, ಒಂದು ಕಾಲು ರಿಕಾಪಲ್ಲಿ, ಇನ್ನೊಂದು ಆಕಾಶಕ್ಕೆ, ಕೈಯಲ್ಲಿ ಬಿಸ್ಕೆಟ್ಟಿನ ಜೂಲು. ಬಿಸ್ಕೆಟ್ ನಿಂತ್ಕೊಂಡು ಹುಲ್ಲು ತಿನ್ನೋಕೆ ಶುರು ಮಾಡ್ತು. ಗೈಡ್ ಓಡಿ ಬಂದು ನನ್ನನ್ನ ಎತ್ತಿದ್ಳು, ಎತ್ತುವಾಗ್ಲೂ ಬೈದಿದ್ದು ನಂಗೇ, ಜೂಲು ಎಳೀಬೇಡಿ ಅಂತ. ಬಹಳ ಕುದುರೆಗಳು ಹೀಗೆ ಮಾಡ್ತವಂತೆ, ಅದಕ್ಕೇ ಹೊರಟ ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಇನ್ನೊಂದ್ಸಲ ಬಿಗೀತಾರೆ, ಇವಳು ನಿಲ್ಲಿಸೋಕೆ ಮುಂಚೆನೇ ನಾನು ನಿಂತಿದ್ದೆ. ನನ್ನ ಹೆಂಡ್ತಿ ಮಾತ್ರ ಕುದುರೆ ಮೇಲೇ ಕೂತು "ರೀ, ನೀವು ಫೋಟೋ ತೆಗೆಯುವಾಗ ಹೊಟ್ಟೆ ಒಳಕ್ಕೆಳ್ಕೊಂಡು ನಿಂತ್ಕೊಳಲ್ವಾ, ಹಂಗೇ ಇದು, ಉಲ್ಟಾ ಅಷ್ಟೇ" ಅಂದ್ಳು.

ಇವಳ ಬಗ್ಗೆ ಒಂದು ಮಾತು ಹೇಳ್ಬೇಕು. ಸ್ಕೂಟಿ ಹಿಂದೆ ಕೂತ್ರೆ ಪ್ರತಿ ಹಂಪಿಗೂ "ಅಯ್ಯೋ ನಿಧಾನ" ಅನ್ನೋಳು ಇಲ್ಲಿ ಸೂಸಿ ಅನ್ನೋ ಕುದುರೆ ಹತ್ತಿ ತವರಿನ ತೆಲುಗಲ್ಲಿ "ಪದ ಪದ" ಅಂದ್ರೆ ಅದು ಹೋಗ್ತಿತ್ತು, ನಿಲ್ಲು ಅಂದ್ರೆ ನಿಲ್ತಿತ್ತು. ನಾನು ಗೈಡ್ ಹೇಳ್ಕೊಟ್ಟ ಇಂಗ್ಲಿಷಲ್ಲೇ ಬಿಸ್ಕೆಟ್ಟಿಗೆ ಎಲ್ಲಾ ಹೇಳ್ತಿದ್ದೆ. ಏನೂ ಉಪಯೋಗ ಆಗ್ಲಿಲ್ಲ.

ಅಗ್ನೆಸ್ ಕ್ರೀಕ್ ಪಕ್ಕದ ಆ ದಾರಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೂ ನಾಲ್ಕು ಸಾವಿರ ಕಿಲೋಮೀಟರ್ ಮೇಲೆ ಹೋಗೋ ಪೆಸಿಫಿಕ್ ಕ್ರೆಸ್ಟ್ ಟ್ರೈಲ್. ಎದುರಿಗೆ ಗಡ್ಡ ಬಿಟ್ಟ ಒಬ್ಬ ಹುಡುಗ ಬಂದ, ಮೆಕ್ಸಿಕೋಯಿಂದಾನೇ ನಡ್ಕೊಂಡು ಬರ್ತಿದ್ದಾನಂತೆ. ಕುದುರೆ ಬಂದ್ರೆ ನಡೆಯೋರು ದಾರಿ ಬಿಟ್ಟು ಇಳಿಜಾರಿನ ಕಡೆ ನಿಲ್ಬೇಕು ಅನ್ನೋದು ಅಲ್ಲಿನ ಪದ್ಧತಿ. ತಿಂಗಳುಗಟ್ಟಲೆ ನಡೆದು ಸೊರಗಿದ ಹುಡುಗ ಪಕ್ಕಕ್ಕೆ ಸರಿದು ನಿಂತ, ಊಟ ಆಗಿ ತೂಕಡಿಸ್ತಿದ್ದ ನಾನು ಮುಂದೆ ಹೋದೆ. ಅವನು ಕೇಳಿದ್ದು ಒಂದೇ, ಸ್ಟೆಹೀಕಿನ್ ಬೇಕರಿ ತೆಗೆದಿದ್ಯಾ ಅಂತ. ನನ್ನ ಹೆಂಡ್ತಿಗೆ ಕರುಳು ಚುರಕ್ ಅಂತು. ನನ್ನ ಪಾಲಿನ ನಿಪ್ಪಟ್ಟೆಲ್ಲಾ ಕೊಟ್ಬಿಟ್ಳು. ಅವಳ ಪಾಲಿಂದು ಅಲ್ಲ, ನನ್ನ ಪಾಲಿಂದು. ಅವನು ನಿಂತಲ್ಲೇ ಚೂರೂ ಬಿಡದೆ ತಿಂದು, ಪ್ಯಾಕೆಟ್ ಒಳಗಿನ ಪುಡೀನೂ ನಾಲಿಗೆ ಮೇಲೆ ಕೊಡವಿಕೊಂಡ.

ಅವರ 1964ರ ಕಾನೂನಿನ ಪ್ರಕಾರ ಅದು ವೈಲ್ಡರ್ನೆಸ್ಸು, ಅಂದ್ರೆ ಹೆಂಗಿದೆಯೋ ಹಂಗೇ ಬಿಡ್ಬೇಕಾದ ಕಾಡು, ಅಲ್ಲಿ ಮೆಷಿನ್ನೇ ಇಲ್ಲ, ಸೈಕಲ್ ಕೂಡ ಬಿಡಲ್ಲ. ದಾರಿಗೆ ಮರ ಬಿದ್ರೆ ಕೈ ಗರಗಸದಲ್ಲೇ ಕುಯ್ಯಬೇಕು. ಗೈಡು ಒಂದು ಕೊಂಬೆ ಕುಯ್ಯೋವರೆಗೂ ಬಿಸ್ಕೆಟ್ ಮೂರು ಸಲ ಹೂಸು ಬಿಡ್ತು, ಹತ್ತುವಾಗ ಹೆಜ್ಜೆಗೊಂದು ಬಿಡ್ತಿತ್ತು, ಹಿಂದೆ ಬರ್ತಿದ್ದ ಬಾಮೈದ ಬುಕ್ ಮಾಡಿದ್ದಕ್ಕೆ ಅಷ್ಟಾದ್ರೂ ಅನುಭವಿಸಲಿ ಅಂತ ನಾನು ಸುಮ್ನಿದ್ದೆ.

ಆದ್ರೆ ಸುಯಾಟಲ್ ಪಾಸ್ ದಾಟಿ ಮೈನರ್ಸ್ ರಿಡ್ಜ್ ಕಡೆ ತಿರುಗಿದಾಗ ಆ ಗ್ಲೇಸಿಯರ್ ಪೀಕ್ ಬೆಟ್ಟ ಎದುರಿಗೆ ಬಂತು ನೋಡಿ, ಬಾಯಿ ಮುಚ್ಕೊಂಡೆ. 3,213 ಮೀಟರ್, ಒಳಗೆ ಜ್ವಾಲಾಮುಖಿ, ಮೇಲೆ ಪೂರ್ತಿ ಐಸು. ನಂದಿ ಬೆಟ್ಟ ಎರಡು ಒಂದರ ಮೇಲೊಂದು ಇಟ್ರೂ ಅದರ ತುದಿ ಮುಟ್ಟಲ್ಲ. ಬಿಸ್ಕೆಟ್ ಆ ಕಡೆಗೆ ಬಾಲ ತಿರುಗಿಸಿ ನಿಂತಿತ್ತು, ಹಂಗಾಗಿ ನಾನು ಕುತ್ತಿಗೆ ತಿರುಗಿಸ್ಕೊಂಡೇ ನೋಡಿದ್ದು.

ಆಮೇಲೆ ಕ್ಲೌಡಿ ಪಾಸ್ ಮೇಲಿಂದ ಕೆಳಗೆ ಲೈಮನ್ ಕೆರೆ ಕಾಣ್ತು, ಆ ಬಣ್ಣ ನೋಡಿ "ಯಾರಪ್ಪಾ ಇದಕ್ಕೆ ಮೈಲುತುತ್ತ ಸುರಿದವರು" ಅಂತ ಬಾಯಿಗೆ ಬಂದೇಬಿಡ್ತು. ದ್ರಾಕ್ಷಿ ತೋಟದವರಿಗೆ ವರ್ಷ ವರ್ಷ ಮೂಟೆಗಟ್ಟಲೆ ಮಾರ್ತೀನಿ, ಆ ನೀಲಿ ನಂಗೆ ಗೊತ್ತಾಗಲ್ವಾ. ಕೆಳಗೆ ಹೋಲ್ಡನ್ ಅನ್ನೋ ಊರಲ್ಲಿ ತಾಮ್ರದ ಗಣಿ ಇತ್ತು, 1957ರಲ್ಲಿ ಮುಚ್ಚಿದ್ರು ಅಂತ ಗೈಡ್ ಹೇಳ್ದಾಗ ನೋಡಿದ್ಯಾ ಅಂತ ಹೆಂಡ್ತಿ ಕಡೆ ಮೀಸೆ ತಿರುವಿದೆ. ಅದಲ್ವಂತೆ. ಹಿಮನದಿ ಅಷ್ಟಷ್ಟೇ ಜರುಗ್ತಾ ಅಡಿಯಲ್ಲಿರೋ ಬಂಡೆನ ಅರೆಯುತ್ತಂತೆ, ಆ ಕಲ್ಲಿನ ಹಿಟ್ಟು ಎಷ್ಟು ನುಣ್ಣಗಿರುತ್ತೆ ಅಂದ್ರೆ ಬೇಗ ತಳಕ್ಕೆ ಕೂರಲ್ಲ, ನೀರಲ್ಲೇ ತೇಲ್ತಿರುತ್ತೆ, ಅದರ ಮೇಲೆ ಬೆಳಕು ಬಿದ್ದು ಆ ಬಣ್ಣ. ಆ ಹಿಮನದೀನೂ ವರ್ಷ ವರ್ಷ ಕರಗಿ ಹಿಂದಕ್ಕೆ ಹೋಗ್ತಾ ಇದೆಯಂತೆ. ಗಣಿ ಅಂದ್ ತಕ್ಷಣ ನಂಗೆ ಕೆಜಿಎಫ್ ನೆನಪಾಯ್ತು, 2001ರಲ್ಲಿ ಮುಚ್ಚಿದ್ದು, ಸೈನೈಡ್ ಗುಡ್ಡ ಇನ್ನೂ ಹಂಗೇ ಇದೆ. ಹೋಲ್ಡನ್ನಲ್ಲೂ ಅಂಥ ಮಣ್ಣಿನ ಗುಡ್ಡೆ ಇದೆಯಂತೆ. ಗಣಿಯವರು ಎಲ್ಲಾ ಕಡೆ ಒಂದೇ ಅನ್ನಿ.

ಅವತ್ತು ರಾತ್ರಿ ಬೆವರಲ್ಲಿ ನೆಂದಿದ್ದ ಪಂಚೇನ ಕೊಂಬೆ ಮೇಲೆ ಹರವಿ ಮಲಗಿದ್ದೆ. ಕರಡಿ ಬರುತ್ತೆ ಅಂತ ಚಟ್ನಿಪುಡಿ, ಟೂತ್‌ಪೇಸ್ಟು, ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಎಲ್ಲಾನೂ ಭದ್ರ ಡಬ್ಬಿಗೆ ಹಾಕಿಸಿದ್ಳು ಗೈಡು, ಪಂಚೆ ಯಾರಿಗೂ ನೆನಪಿರ್ಲಿಲ್ಲ. ಬೆಳಗ್ಗೆ ಎದ್ದು ಟೆಂಟಿಂದ ಬಗ್ಗಿ ನೋಡಿದ್ರೆ ಒಂದು ಜಿಂಕೆ ಅದನ್ನ ಅಂಚಿಂದ ಶುರು ಮಾಡಿ ಸಾವಧಾನವಾಗಿ ಅಗಿತಾ ಇದೆ. ಆ ಬೆಟ್ಟದಲ್ಲಿ ಉಪ್ಪು ಸಿಗೋದು ಅಪರೂಪ, ಬೆವರಿನ ಉಪ್ಪಿಗೋಸ್ಕರ ಬಟ್ಟೆ, ಬ್ಯಾಗಿನ ಪಟ್ಟಿ ಎಲ್ಲಾ ಅಗಿತಾವಂತೆ. ನಾನು ಕೂಗಿದೆ, ಗೈಡ್ ಓಡಿ ಬಂದ್ಳು, ಮುಖದಲ್ಲಿ ಗಾಬರಿ. ಜಿಂಕೆ ಬಟ್ಟೆ ನುಂಗಿಬಿಟ್ರೆ ಅದರ ಹೊಟ್ಟೆ ಗತಿ ಏನು ಅಂತ. ಉಳಿದ ಅರ್ಧ ಪಂಚೆನ ನನ್ನ ಕೈಗೆ ಕೊಟ್ಟು, ನುಂಗಿಲ್ಲ ತಾನೇ ಅಂತ ಹರಿದ ತುಂಡುಗಳನ್ನ ಜೋಡಿಸಿ ನೋಡಿದ್ಳು.

ಊರಿಗೆ ಬಂದ್ಮೇಲೆ ಇದೆಲ್ಲಾ ಅಂಗಡೀಲಿ ಕೂತು ಒಬ್ಬ ಗಿರಾಕಿಗೆ ಹೇಳಿದೆ, ಟೊಮೆಟೊ ಬೆಳೆಯೋನು, ಕೈಯಲ್ಲಿ ಟೀ ಲೋಟ ಹಿಡ್ಕೊಂಡು ಪೂರ್ತಿ ಕೇಳಿದ. ಜ್ವಾಲಾಮುಖಿಗೂ ಅಲ್ಲಾಡ್ಲಿಲ್ಲ, ಕೆರೆಗೂ ಅಲ್ಲಾಡ್ಲಿಲ್ಲ. ಕೊನೆಗೆ ಲೋಟ ಕೆಳಗಿಟ್ಟು ಕೇಳಿದ.

"ಅಣ್ಣಾ, ಆ ಕಳೆ ಬೀಜ ಇಲ್ದಿರೋ ಮೇವು ಇಲ್ಲಿ ತರಿಸಿದ್ರೆ ಮೂಟೆಗೆ ಎಷ್ಟು ಬೀಳುತ್ತೆ?"

ಡಾಲರಿಂದ ರೂಪಾಯಿ ಮಾಡಿ, ಹಡಗಿನ ಬಾಡಿಗೆ ಸೇರಿಸಿ, ನನ್ನ ಕಮಿಷನ್ನೂ ಹಾಕಿ ಹೇಳಿದೆ.

"ಕುದುರೆನೇ ತಿನ್ಕೊಳ್ಳಿ ಬಿಡಣ್ಣ" ಅಂದ. "ಎರಡು ಮೂಟೆ ಯೂರಿಯಾ ಹಾಕ್ಸು."