ಆ ಎರಡು ಹೆಜ್ಜೆ

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಸ್ವಲ್ಪ ದಿನ ಆಗಿತ್ತು. ಅಮ್ಮನ ಬಿಪಿ ಮಾತ್ರೆ ತರೋಕೆ ಮೆಡಿಕಲ್ ಶಾಪ್ ಮುಂದೆ ಕ್ಯೂನಲ್ಲಿ ನಿಂತಿದ್ದೆ. ರಸ್ತೆ ಮೇಲೆ ಸುಣ್ಣದಲ್ಲಿ ರೌಂಡ್ ಹಾಕಿದ್ದರು, ಒಬ್ಬೊಬ್ಬರಿಗೆ ಒಂದೊಂದು. ನನ್ನ ಮುಂದಿದ್ದವರು ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಫೋನಲ್ಲಿ ಮಾತಾಡುತ್ತಿದ್ದರು. ಮಧ್ಯೆ ಮಧ್ಯೆ ಕೆಮ್ಮುತ್ತಲೂ ಇದ್ದರು. ನನಗೇನೂ ಅನ್ನಿಸಲಿಲ್ಲ.

ಅಷ್ಟರಲ್ಲಿ ಹಿಂದಿನ ರೌಂಡ್‌ಗೆ ವಯಸ್ಸಾದವರೊಬ್ಬರು ಬಂದು ನಿಂತರು. ಬಿಳಿ ಗಡ್ಡ, ತಲೆ ಮೇಲೆ ಟೋಪಿ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಡಾಕ್ಟರ್ ಚೀಟಿ. ಮಾಸ್ಕ್ ಮೂಗಿನ ಮೇಲೆ ಸರಿಯಾಗಿಯೇ ಇತ್ತು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

ಅವರು ನೋಡಿದರು. ಏನೂ ಹೇಳಲಿಲ್ಲ. ತಮ್ಮ ರೌಂಡ್ ಬಿಟ್ಟು ಇನ್ನೂ ಒಂದು ರೌಂಡ್ ಹಿಂದೆ ಹೋಗಿ ನಿಂತರು.

ಆ ಎರಡು ಹೆಜ್ಜೆ ಎಲ್ಲಿಂದ ಬಂತು ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮುದುಕರ ಪರಿಚಯವೂ ನನಗಿರಲಿಲ್ಲ. ಇದ್ದದ್ದು ಒಂದೇ: ಅದಕ್ಕೂ ಮುಂಚಿನ ಐದಾರು ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಕಿವಿಗೆ ಬಿದ್ದಿದ್ದ 'ಕೊರೊನಾ ಜಿಹಾದ್' ಅನ್ನೋ ಮಾತು, ಅಂದರೆ ಮುಸ್ಲಿಮರು ಬೇಕಂತಲೇ ಕಾಯಿಲೆ ಹಬ್ಬಿಸುತ್ತಿದ್ದಾರೆ ಅನ್ನೋ ಆರೋಪ.

ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ, ಅಂದರೆ ತಬ್ಲೀಗಿ ಜಮಾತ್ ಅನ್ನೋ ಮುಸ್ಲಿಂ ಧರ್ಮಪ್ರಚಾರ ಸಂಘಟನೆಯ ಕೇಂದ್ರದಲ್ಲಿ, ಮಾರ್ಚ್ ತಿಂಗಳು ಜಮಾತ್‌ನ ಜನ ಸೇರಿದ್ದು ನಿಜ. ಅಲ್ಲಿಗೆ ಹೋಗಿಬಂದವರಿಂದ ಹಲವು ರಾಜ್ಯಗಳಲ್ಲಿ ಸೋಂಕು ಹಬ್ಬಿದ್ದೂ ನಿಜ. ಆದರೆ 'ಹಬ್ಬಿತು' ಅನ್ನೋದು ಬೇರೆ, 'ಹಬ್ಬಿಸಿದರು' ಅನ್ನೋದು ಬೇರೆ. ಕನ್ನಡದಲ್ಲಿ ಒಂದು 'ಇಸು' ಸೇರಿಸಿದರೆ ಸಾಕು, ಕಾಯಿಲೆ ಹೋಗಿ ಸಂಚು ಆಗಿಬಿಡುತ್ತದೆ. ಆ ದಿನಗಳಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸುದ್ದಿಗೋಷ್ಠಿಗಳಲ್ಲಿ ಜಮಾತ್‌ಗೆ ಸೇರಿದ ಕೇಸ್‌ಗಳನ್ನು ಬೇರೆಯಾಗಿ ಎಣಿಸಿ ಹೇಳುತ್ತಿತ್ತು. ಅದೇ ಅಂಕಿಯನ್ನು ಹಿಡಿದುಕೊಂಡು ಟಿವಿ ಚರ್ಚೆಗಳಲ್ಲಿ, ರಾಜಕಾರಣಿಗಳ ಬಾಯಲ್ಲಿ 'ಇಸು' ಸೇರಿಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಮರ್ಕಜ್‌ಗೆ ಬಂದಿದ್ದ 29 ವಿದೇಶಿಯರ ಮೇಲಿದ್ದ ಕೇಸ್‌ಗಳನ್ನು ರದ್ದು ಮಾಡಿತು. ಇವರನ್ನು ಬಲಿಪಶು ಮಾಡಿದಂತಿದೆ ಅಂತಲೂ ಹೇಳಿತು. ಆ ಸುದ್ದಿ ನಿಮ್ಮಲ್ಲಿ ಎಷ್ಟು ಜನರ ಮೊಬೈಲಿಗೆ ಬಂತು? ನನಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಅದೇ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಇನ್ನೊಂದು ಮಾತೂ ಕೇಳಿಸಿತ್ತು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಟಿವಿಯಲ್ಲಿ ಮಾತಾಡುತ್ತಾ, ಯಾವುದೋ ಒಂದು ಘಟನೆಗೆ ಇಡೀ ಮುಸ್ಲಿಂ ಸಮುದಾಯವನ್ನು ದೂರಿದರೆ ಕ್ರಮ ತಗೊಳ್ಳುತ್ತೇನೆ ಅಂದರು. ಬಿಜೆಪಿಯ ಮುಖ್ಯಮಂತ್ರಿಯೇ ಹೀಗೆ ಹೇಳಿದ್ದು ನೋಡಿ ನನಗೆ ನಿಜವಾಗಲೂ ಸಮಾಧಾನ ಆಯಿತು. ಬಾಯಿಗೆ ಬಂದದ್ದು ಮಾತಾಡುತ್ತಿದ್ದ ನಮ್ಮ ಪರಿಚಯದವರೊಬ್ಬರು 'ಸಿಎಂ ಹಂಗಂದವ್ರೆ' ಅಂತ ಸ್ವಲ್ಪ ದಿನ ಸುಮ್ಮನಾದರು. ದೊಡ್ಡ ಕುರ್ಚಿಯಲ್ಲಿ ಕೂತವರು ಏನು ಹೇಳುತ್ತಾರೆ ಅನ್ನೋದರ ಮೇಲೆ ಜನ ತಮ್ಮ ನಾಲಗೆ ಎಷ್ಟು ಉದ್ದ ಬಿಡಬಹುದು ಅಂತ ಲೆಕ್ಕ ಹಾಕುತ್ತಾರೆ.

ಈಗಂತೂ 'ಜಿಹಾದ್' ಅನ್ನೋದು ಎಲ್ಲದಕ್ಕೂ ಅಂಟಿಸೋ ಬಾಲ ಆಗಿದೆ. ಮದುವೆಗೆ ಅಂಟಿಸಿದರು, ಜಮೀನಿಗೆ ಅಂಟಿಸಿದರು, ವ್ಯಾಪಾರಕ್ಕೂ ಅಂಟಿಸಿದರು. 'ಲವ್ ಜಿಹಾದ್' ಅನ್ನೋ ಪದಕ್ಕೆ ಆಗಿದ್ದ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ, ಕೇಂದ್ರದ ಯಾವ ತನಿಖಾ ಸಂಸ್ಥೆಯೂ ಅಂಥ ಕೇಸ್ ವರದಿ ಮಾಡಿಲ್ಲ ಅಂತ 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಇಲಾಖೆಯೇ ಲೋಕಸಭೆಗೆ ಉತ್ತರ ಕೊಟ್ಟಿದೆ. ಉತ್ತರ ಕಡತದಲ್ಲಿ ಉಳಿಯಿತು. ಪದ ಮಾತ್ರ ಪ್ರತಿ ಚುನಾವಣೆಗೂ ವೇದಿಕೆ ಹತ್ತುತ್ತದೆ.

ಇದು ನಮ್ಮ ದೇಶದ್ದೇ ಕಥೆ ಅಲ್ಲ. 2008ರಲ್ಲಿ ಅಮೆರಿಕದ ಚುನಾವಣೆ ನಡೆಯುತ್ತಿತ್ತು. ಒಬಾಮಾ ಎದುರು ನಿಂತಿದ್ದ ಜಾನ್ ಮೆಕೇನ್ ಅವರ ಸಭೆಯಲ್ಲಿ ಒಬ್ಬ ಹೆಂಗಸು, ಒಬಾಮಾ ಅರಬ್, ನನಗೆ ನಂಬಿಕೆ ಇಲ್ಲ ಅಂದರು. ಮೆಕೇನ್ ಮೈಕ್ ತಗೊಂಡು, ಇಲ್ಲಮ್ಮ, ಅವರು ಸಂಸಾರವಂತ, ಮರ್ಯಾದಸ್ಥ ಅಂತ ಹೇಳಿದರು. ಎದುರಾಳಿಯ ಪರ ಮಾತಾಡಿದ ದೊಡ್ಡ ಮನಸ್ಸಿಗೆ ಎಲ್ಲರೂ ಹೊಗಳಿದರು. ನಾನೂ ಆ ವಿಡಿಯೋ ಮೆಚ್ಚಿಕೊಂಡಿದ್ದೆ. ಇನ್ನೊಮ್ಮೆ ಕೇಳಿ ನೋಡಿ. 'ಅರಬ್' ಅಂದಿದ್ದಕ್ಕೆ 'ಇಲ್ಲ, ಮರ್ಯಾದಸ್ಥ' ಅನ್ನೋ ಉತ್ತರ. ಹಾಗಾದರೆ ಅರಬರಾಗಿದ್ದಿದ್ದರೆ? ಒಳ್ಳೆಯ ಮನಸ್ಸಿನಿಂದ ಬಂದ ಮಾತಿನೊಳಗೂ ಆ ಪೂರ್ವಗ್ರಹ ಬೆಚ್ಚಗೆ ಕೂತಿತ್ತು.

ಆ ಪೂರ್ವಗ್ರಹವನ್ನು ಹಿಡಿದು ಹೇಳಿದವರು ಮೆಕೇನ್ ಅವರದೇ ಪಕ್ಷದ ಕಾಲಿನ್ ಪೊವೆಲ್, ಸೈನ್ಯದಲ್ಲಿದ್ದವರು. ಸ್ವಲ್ಪ ದಿನದಲ್ಲೇ ಟಿವಿಗೆ ಬಂದು, ನನ್ನ ಬೇಸರ ಮೆಕೇನ್ ಮಾತಿನ ಬಗ್ಗೆ ಅಲ್ಲ, ಒಬಾಮಾ ಮುಸ್ಲಿಂ ಅನ್ನುವ ಪಕ್ಷದವರ ಬಗ್ಗೆ ಅಂದರು; ಒಬಾಮಾ ಮುಸ್ಲಿಂ ಅಲ್ಲ ಅನ್ನೋದು ಸರಿಯಾದ ಉತ್ತರ, ಆದರೆ ನಿಜವಾಗಿ ಸರಿಯಾದ ಉತ್ತರ 'ಆಗಿದ್ದರೆ ಏನು ತಪ್ಪು' ಅನ್ನೋದು ಅಂದರು. ತಾವು ನೋಡಿದ ಒಂದು ಫೋಟೋದ ಬಗ್ಗೆಯೂ ಹೇಳಿದರು. ಯೋಧರ ಸ್ಮಶಾನದಲ್ಲಿ ತಾಯಿಯೊಬ್ಬರು ಮಗನ ಸಮಾಧಿ ಕಲ್ಲಿಗೆ ತಲೆ ಒರಗಿಸಿ ಕೂತಿದ್ದಾರೆ. ಹುಡುಗನಿಗೆ 20 ವರ್ಷ, ಇರಾಕ್‌ನಲ್ಲಿ ಸತ್ತವನು. ಕಲ್ಲಿನ ಮೇಲೆ ಶಿಲುಬೆ ಇಲ್ಲ, ಅರ್ಧಚಂದ್ರ ಮತ್ತು ನಕ್ಷತ್ರ ಇದೆ.

ನಮ್ಮಲ್ಲಿ ಆ ಪ್ರಶ್ನೆ ಕೇಳೋರು ಕಮ್ಮಿ. ಯಾವುದಾದರೂ ಪಕ್ಷಕ್ಕೆ 'ಮುಸ್ಲಿಮರ ಪರ' ಅಂತ ಬೈದರೆ, ಆ ಪಕ್ಷದವರು ದೇವಸ್ಥಾನದ ಫೋಟೋ ಹಾಕಿ ಉತ್ತರ ಕೊಡುತ್ತಾರೆ. ಅಲ್ಲಿಗೆ ಬೈಗುಳ ಬೈಗುಳವಾಗಿಯೇ ಉಳಿಯಿತು, ಅಲ್ವಾ?

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ನಲ್ಲಿ ದೊಡ್ಡಪ್ಪ ಒಂದು ಭಾಷಣದ ತುಣುಕು ಹಾಕಿದ್ದರು. 'ಅವರು ಮಕ್ಕಳು ಹೆರುತ್ತಲೇ ಇರುತ್ತಾರೆ, ನಾಳೆ ನಾವೇ ಅಲ್ಪಸಂಖ್ಯಾತರು' ಅನ್ನೋ ಹಳೇ ಹೆದರಿಕೆ. ಹಿಂದೆಲ್ಲ ನೋಡಿ ಸುಮ್ನೆ ಇರುತ್ತಿದ್ದೆ. ಈ ಸಲ ಬರೆದೆ. 'ದೊಡ್ಡಪ್ಪ, ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 1992–93ರಲ್ಲಿ ಒಬ್ಬ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, 2019–21ರಲ್ಲಿ 2.4. ಹಿಂದೂಗಳಲ್ಲಿ 3.3 ಇದ್ದದ್ದು 1.9 ಆಗಿದೆ. ಎರಡೂ ಕಡೆ ಇಳಿದಿದೆ, ಅವರದ್ದೇ ಜಾಸ್ತಿ ಇಳಿದಿದೆ. ನೀವು ಎಂಟು ಜನ ಅಣ್ಣತಮ್ಮಂದಿರು, ನಿಮಗೆ ಇಬ್ಬರೇ ಮಕ್ಕಳು. ನಮ್ಮನೆಯಲ್ಲಿ ಆದದ್ದೇ ಅವರ ಮನೆಯಲ್ಲೂ ಆಗ್ತಿದೆ.'

ಎರಡು ನೀಲಿ ಗೆರೆ ಬಿದ್ದಿದೆ. ಉತ್ತರ ಬಂದಿಲ್ಲ. ದೊಡ್ಡಪ್ಪ ಕೆಟ್ಟವರಲ್ಲ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಮೆಡಿಕಲ್ ಶಾಪ್ ಮುಂದೆ ನಾನು ಪಕ್ಕಕ್ಕೆ ಸರಿದದ್ದನ್ನು ಮೊದಲು ಹೇಳಿ, ಆಮೇಲೆ ಅವರ ಮಾತು ಕೇಳುತ್ತೇನೆ.