ಖಾಲಿ ಜಾಗದ ಕಾಟ

ಕಂಪ್ಯೂಟರಿನಲ್ಲಿ ಖಾಲಿ ಜಾಗ ಅನ್ನುವುದೇ ಇಲ್ಲ. ಕಣ್ಣಿಗೆ ಖಾಲಿ ಕಂಡಲ್ಲೆಲ್ಲ ಏನೋ ಒಂದು ಕೂತಿರುತ್ತದೆ. ಸ್ಪೇಸೋ, ಟ್ಯಾಬೋ, ಎಂಟರೋ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಡಿಟಿಪಿ ಅಂಗಡಿ ಇಟ್ಟುಕೊಂಡ ನನ್ನಂಥವರಿಗೆ ಅರ್ಧ ಊಟ ಹಾಕುವುದು ಅಕ್ಷರ, ಇನ್ನರ್ಧ ಈ ಖಾಲಿ ಜಾಗ. ಈಗ ಟೈಪ್ ಮಾಡಿಸಲು ಬರುವವರು ಕಡಿಮೆ. ಮನೆಯಲ್ಲೇ, ಮೊಬೈಲಿನಲ್ಲೇ ಹೊಡೆದುಕೊಂಡು ಬರುತ್ತಾರೆ. "ಎಲ್ಲಾ ಆಗ್ಯಾದ್ರಿ, ಸ್ವಲ್ಪ ಸೆಟ್ಟಿಂಗ್ ಮಾಡಿ ಕೊಡ್ರಿ" ಅನ್ನುತ್ತಾರೆ. ಆ ಸ್ವಲ್ಪ ಎಷ್ಟು ಅನ್ನುವುದು ಫೈಲ್ ತೆರೆದ ಮೇಲೇ ಗೊತ್ತಾಗುವುದು.

ಲಗ್ನಪತ್ರಿಕೆಯನ್ನೇ ನೋಡಿ. ಎಡಕ್ಕೆ ವರನ ಕಡೆಯವರು, ಬಲಕ್ಕೆ ವಧುವಿನ ಕಡೆಯವರು. ನಡುವೆ ಜಾಗ ಬೇಕು. ಸ್ಪೇಸ್ ಬಾರ್ ಹಿಡಿದು ಒತ್ತುತ್ತಲೇ ಹೋಗಿರುತ್ತಾರೆ. ಪರದೆಯ ಮೇಲೆ ಎಲ್ಲ ನೆಟ್ಟಗೆ ಕೂತಂತೆ ಕಾಣುತ್ತದೆ. ಅಷ್ಟರಲ್ಲಿ ಹಿಂದೆ ನಿಂತ ಕಾಕಾ, "ಅಕ್ಷರ ಥೋಡೆ ದೊಡ್ಡವು ಮಾಡ್ರಿ, ಅಜ್ಜಾಗ ಕಾಣಂಗಿಲ್ಲ" ಅನ್ನುತ್ತಾರೆ. ಮಾಡಿದ್ದೇ ತಡ, ವಧುವಿನ ತಾಯಿ ಜಾರಿ ಬಂದು ವರನ ತಂದೆಯ ಪಕ್ಕದಲ್ಲಿ ಕೂತಿರುತ್ತಾರೆ. ಬೀಗರ ಮುಂದೆ ಇಂಥದ್ದು ಆದರೆ ನಗಲೂ ಆಗದು, ಸುಮ್ನಿರಲೂ ಆಗದು.

ಹಳೇ ಟೈಪ್‌ರೈಟರಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಸ್ಪೇಸಿಗೂ ಅಷ್ಟೇ. ಅಲ್ಲಿ ಎಣಿಸಿ ಹೊಡೆದರೆ ಸಾಲು ಕೂರುತ್ತಿತ್ತು. ಈಗಿನ ಫಾಂಟುಗಳಲ್ಲಿ ಹಾಗಿಲ್ಲ. ರ ಸಣ್ಣದು, ಮ ದೊಡ್ಡದು, ಸ್ಪೇಸ್ ಎರಡಕ್ಕಿಂತಲೂ ಸಣ್ಣದು. ಹೆಸರಿನ ಉದ್ದ ಬೇರೆಯಾದಂತೆ ಮುಂದಿನ ಹೆಸರಿನ ಜಾಗವೂ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ. ಸ್ಪೇಸ್ ಎಷ್ಟು ಒತ್ತಿದರೂ ಆ ಕೂದಲೆಳೆ ಉಳಿದೇ ಉಳಿಯುತ್ತದೆ. ಆದ್ದರಿಂದ ಯಾವ ಫೈಲ್ ಬಂದರೂ ನಾನು ಮೊದಲು ಒತ್ತುವುದು ಕಂಟ್ರೋಲ್-ಶಿಫ್ಟ್-8. ವರ್ಡ್‌ನಲ್ಲಿ ಅದನ್ನು ಒತ್ತಿದರೆ ಅಡಗಿ ಕೂತದ್ದೆಲ್ಲ ಹೊರಗೆ ಬರುತ್ತದೆ. ಸ್ಪೇಸಿಗೆ ಒಂದೊಂದು ಚುಕ್ಕಿ, ಟ್ಯಾಬಿಗೆ ಬಾಣ, ಎಂಟರಿಗೆ ತಿರುವಿದ ಪಿ ಥರದ ಗುರುತು. ಲಗ್ನಪತ್ರಿಕೆಯ ತುಂಬ ಚುಕ್ಕಿಗಳ ಸಾಲು ಕಂಡು ಕಾಕಾ, "ಇವೆಲ್ಲಾ ಪ್ರಿಂಟಿನ್ಯಾಗ ಬರ್ತಾವೇನು?" ಅಂತ ಗಾಬರಿಯಾಗುತ್ತಾರೆ. ಬರುವುದಿಲ್ಲ. ಚುಕ್ಕಿಯೆಲ್ಲ ಅಳಿಸಿ, ಎರಡು ಕಾಲಮ್ಮಿನ ಟೇಬಲ್ ಹಾಕಿ, ಅದರ ಗೆರೆ ತೆಗೆದುಬಿಟ್ಟರೆ ಮುಗಿಯಿತು. ಆಮೇಲೆ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಬೀಗರು ತಮ್ಮ ತಮ್ಮ ಕಡೆಯೇ ಇರುತ್ತಾರೆ.

ಪ್ರಬಂಧದ ಫೈಲುಗಳ ಕಥೆ ಬೇರೆ. ಊರಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಹಾಗಾಗಿ ಪಿಎಚ್‌ಡಿ ಮಾಡುವವರಿಗೇನೂ ಕೊರತೆ ಇಲ್ಲ. ಇವರ ಪ್ರೀತಿಯ ಕೀಲಿ ಎಂಟರ್. ಒಂದು ಅಧ್ಯಾಯ ಮುಗಿದು ಇನ್ನೊಂದು ಹೊಸ ಪುಟದಿಂದ ಶುರುವಾಗಬೇಕು ಅಂದರೆ ಪುಟ ದಾಟುವ ತನಕ ಎಂಟರ್ ಒತ್ತುತ್ತಾರೆ. ಗೈಡ್ ಸರ್ ಮೊದಲ ಅಧ್ಯಾಯದಲ್ಲಿ ನಾಲ್ಕು ಸಾಲು ಸೇರಿಸು ಅಂದರೋ, ಉಳಿದ ಅಧ್ಯಾಯಗಳೆಲ್ಲ ಪುಟದ ನಡುವೆ ಬಂದು ನಿಲ್ಲುತ್ತವೆ. "ನಾ ಏನೂ ಮಾಡಿಲ್ರಿ ಅಣ್ಣಾ, ತಾನೇ ಹಿಂಗ ಆಗ್ಯಾದ" ಅನ್ನುತ್ತಾರೆ. ಕಂಟ್ರೋಲ್-ಎಂಟರ್ ಒಂದು ಸಲ ಒತ್ತಿ ಪೇಜ್ ಬ್ರೇಕ್ ಹಾಕಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಪುಟ ಸಂಖ್ಯೆಗೆ ಅತ್ತವರನ್ನೂ ನೋಡಿದ್ದೇನೆ. ಮುನ್ನುಡಿಗೆ ರೋಮನ್ ಅಂಕಿ ಬೇಕು, ಮೊದಲ ಅಧ್ಯಾಯದಿಂದ 1, 2, 3 ಬೇಕು. ಅಲ್ಲಿ ಸರಿ ಮಾಡಿದರೆ ಇಲ್ಲಿ ಕೆಡುತ್ತದೆ. ಬರೀ ಪೇಜ್ ಬ್ರೇಕ್ ಹಾಕಿದರೆ ಇದು ಆಗುವುದಿಲ್ಲ, ಫೈಲನ್ನೇ ಬೇರೆ ಬೇರೆ ಭಾಗ ಮಾಡುವ ಸೆಕ್ಷನ್ ಬ್ರೇಕ್ ಬೇಕು. ಅದು ಹಾಕಿದರೂ ಸಾಲದು. ಎರಡನೇ ಸೆಕ್ಷನ್ನಿನ ಫುಟರ್, ಅಂದರೆ ಪುಟದ ಅಡಿಯ ಪಟ್ಟಿಯ, ಒಳಗೆ ಹೋಗಿ 'ಲಿಂಕ್ ಟು ಪ್ರೀವಿಯಸ್' ಅನ್ನುವುದನ್ನು ಬಿಡಿಸಬೇಕು. ಆಮೇಲೆ ಒಂದರಿಂದ ಶುರು ಮಾಡು ಅಂತ ಹೇಳಬೇಕು. ಆ ಕೊಂಡಿ ಬಿಡಿಸದೆ ಏನು ಮಾಡಿದರೂ ಮುನ್ನುಡಿಯ ಫುಟರ್ ಅಧ್ಯಾಯಕ್ಕೆ ಅಂಟಿಕೊಂಡೇ ಬರುತ್ತದೆ. ಇನ್ನು ಕೊನೆಯ ಪುಟದ ಅಡಿಯ ತನಕ ಟೇಬಲ್ ತುಂಬಿದ್ದರೆ ಅದರ ಹಿಂದೆ ಒಂದು ಖಾಲಿ ಹಾಳೆ ಬೇಡವೆಂದರೂ ಬರುತ್ತದೆ. ಟೇಬಲಿನ ಕೆಳಗೆ ಒಂದು ಪ್ಯಾರಾ ಇರಲೇಬೇಕು ಅನ್ನುವುದು ವರ್ಡ್‌ನ ಹಟ. ಅದನ್ನು ಅಳಿಸಲು ಬರುವುದಿಲ್ಲ. ಅಕ್ಷರದ ಗಾತ್ರ 1 ಮಾಡಿ, ಮೇಲೆ ಕೆಳಗಿನ ಅಂತರ ಸೊನ್ನೆ ಮಾಡಿದರೆ ಸುಮ್ನೆ ಮೇಲಿನ ಪುಟಕ್ಕೆ ಹೋಗಿ ಕೂರುತ್ತದೆ.

ಹಾಗಂತ ತಪ್ಪೆಲ್ಲ ಗಿರಾಕಿಗಳದೇ ಅಂದರೆ ಅನ್ಯಾಯ. ಈ ಸಾಫ್ಟ್‌ವೇರುಗಳು ಹುಟ್ಟಿದ್ದೇ ಇಂಗ್ಲಿಷಿನವರ ಮನೆಯಲ್ಲಿ. ಅಕ್ಷರದ ಕೆಳಗೂ ಅಕ್ಷರ ಇರುತ್ತದೆ ಅನ್ನುವುದನ್ನು ಅವು ಆಮೇಲೆ ಕಲಿತವು. ಸಾಲಿನ ಅಂತರ 'ಎಗ್ಸಾಕ್ಟ್‌ಲಿ 12' ಅಂತ ಇಟ್ಟು 'ಸ್ತ್ರೀ' ಅಂತ ಹೊಡೆದು ನೋಡಿ. ಕೆಳಗಿನ ಒತ್ತುಗಳು ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ. 'ಅಟ್ ಲೀಸ್ಟ್' ಅಂತ ಬದಲಿಸಿದರೆ ಪೂರ್ತಿ ಕಾಣುತ್ತವೆ. ಇದೇ ಎಗ್ಸಾಕ್ಟ್‌ಲಿ ಇದ್ದ ಸಾಲಿನಲ್ಲಿ ಫೋಟೋ ಹಾಕಿದರೆ ಫೋಟೋ ಮಾಯ, ಒಂದು ಸಾಲಿನಷ್ಟು ಪಟ್ಟಿ ಮಾತ್ರ ಉಳಿಯುತ್ತದೆ. "ಫೋಟೋ ನುಂಗ್ಯಾದ್ರಿ" ಅಂತ ಬಂದವರಿಗೆಲ್ಲ ಅದೇ 'ಅಟ್ ಲೀಸ್ಟ್' ಮದ್ದು. ನಮ್ಮ ಪಕ್ಕದ ಅಂಗಡಿಯಲ್ಲಿ ಉರ್ದು ಶಾದಿ ರುಕ್ಕಾ, ಅಂದರೆ ಲಗ್ನಪತ್ರಿಕೆ, ಮಾಡುತ್ತಾರೆ, ಉರ್ದು ಸಾಫ್ಟ್‌ವೇರ್ ಇನ್‌ಪೇಜ್‌ನಲ್ಲಿ. ಸೂಫಿ ಸಂತ ಬಂದೇನವಾಜರ ಊರಲ್ಲವೇ, ಆ ಕೆಲಸವೂ ಜಾಸ್ತಿ. ಉರ್ದುವಿನ ನಸ್ತಾಲೀಕ್ ಶೈಲಿಯ ಬರವಣಿಗೆ ಬಲದಿಂದ ಎಡಕ್ಕೆ ಬರುತ್ತಾ ಪ್ರತಿ ಪದವೂ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಅವರಿಗೆ ಸಾಲಿನ ಅಂತರ ನಮಗಿಂತಲೂ ಹೆಚ್ಚು ಬೇಕು. ಅವರ ಮುಂದೆ ನಮ್ಮ ಒತ್ತಿನ ಗೋಳು ಹೇಳಿದರೆ ನಕ್ಕುಬಿಡುತ್ತಾರೆ.

ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಇನ್ನೂ ನಮ್ಮ ಅಂಗಡಿಗಳಲ್ಲಿ ಉಸಿರಾಡುತ್ತಿದೆ. 1985ರಲ್ಲಿ ಹುಟ್ಟಿದ್ದು, ಅದರ ಕೊನೆಯ 7.0 ಆವೃತ್ತಿ ಬಂದದ್ದು 2001ರಲ್ಲಿ. ಮೊಬೈಲು, ಕಂಪ್ಯೂಟರು ಎಲ್ಲ ಈಗ ಬಳಸುವ ಅಕ್ಷರ ಸಂಕೇತ ಯುನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಮೊಬೈಲಿನಲ್ಲಿ ಹೊಡೆದ ಕನ್ನಡ ಹಾಕಿದರೆ ಸಾಲು ಸಾಲು ಪ್ರಶ್ನೆ ಚಿಹ್ನೆ. 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿಗೆ ಪರಿವರ್ತಿಸಿದರೆ ಮಾತ್ರ ಓದಲು ಬರುತ್ತದೆ. ಇನ್‌ಡಿಸೈನ್ ಅನ್ನುವ ಹೊಸ ಸಾಫ್ಟ್‌ವೇರ್ ಯುನಿಕೋಡ್ ಬಲ್ಲದು, ಆದರೆ ಮೊದಲ ಸಲ 'ಅಕ್ಕ' ಅನ್ನುವುದನ್ನು 'ಅಕ್‌ಕ' ಅಂತ ಒಡೆದು ತೋರಿಸಿ ಹೆದರಿಸುತ್ತದೆ. 'ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿಕೊಂಡರೆ ಅಕ್ಕ ಸರಿಯಾಗುತ್ತಾಳೆ.

ಇದರ ಉಲ್ಟಾ ಕೂಡ ಆಗುತ್ತದೆ. ಒಡೆಯಬೇಕಾದ ಕಡೆ ಒಡೆಯುವುದಿಲ್ಲ. ಹುಡುಗನ ಬಯೋಡಾಟಾದಲ್ಲಿ 'ಸಾಫ್ಟ್‌ವೇರ್ ಇಂಜಿನಿಯರ್' ಇರಬೇಕಾದದ್ದು 'ಸಾಫ್ಟ್ವೇರ್' ಆಗಿ ಟಕಾರದ ಕೆಳಗೆ ವಕಾರ ನೇತಾಡುತ್ತಿರುತ್ತದೆ. ಹೆಣ್ಣಿನ ಕಡೆಯವರು ಕೆಲಸದ ಬಗ್ಗೆಯೇ ಅನುಮಾನ ಪಡಬಹುದು! ಇದಕ್ಕೆ ಒಂದು ಅಕ್ಷರ ಇದೆ. ಅದಕ್ಕೆ ಅಗಲವೂ ಇಲ್ಲ, ಆಕಾರವೂ ಇಲ್ಲ. ವರ್ಡ್‌ನಲ್ಲಿ ಇಂಗ್ಲಿಷಿನಲ್ಲಿ 200ಸಿ ಅಂತ ಹೊಡೆದು ಆಲ್ಟ್-ಎಕ್ಸ್ ಒತ್ತಿದರೆ ಬರುತ್ತದೆ. ಬಂದದ್ದು ಕಾಣುವುದಿಲ್ಲ, ವಕಾರ ಮಾತ್ರ ಮೇಲೆದ್ದು ಪಕ್ಕಕ್ಕೆ ನಿಲ್ಲುತ್ತದೆ. ಖಾಲಿ ಜಾಗಗಳಲ್ಲೆಲ್ಲ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಜಾಗವನ್ನೇ ತಿನ್ನದೆ ಕೆಲಸ ಮಾಡುತ್ತದೆ.

ಗಣಿತದ ಹುಡುಗರು ಮಾತ್ರ ಈ ಯಾವ ತಂಟೆಗೂ ಬರುವುದಿಲ್ಲ. ಅವರದು ಲೇಟೆಕ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್. ಡೊನಾಲ್ಡ್ ಕ್ನೂತ್ ಅನ್ನುವ ಪ್ರೊಫೆಸರು ತಮ್ಮ ಪುಸ್ತಕದ ಪ್ರೂಫ್ ನೋಡಿ ಬೇಸರಪಟ್ಟು 1970ರ ದಶಕದ ಕೊನೆಯಲ್ಲಿ ತಾವೇ ಟೆಕ್ ಬರೆದರು, ಅದರ ಮೇಲೆ ಕಟ್ಟಿದ್ದು ಇದು. ಅಲ್ಲಿ ಎಷ್ಟು ಸ್ಪೇಸ್ ಒತ್ತಿದರೂ ಒಂದೇ ಲೆಕ್ಕ. ಆದರೆ ಚಿತ್ರ ಇಲ್ಲಿ ಇರಲಿ ಅಂದರೆ ಎರಡು ಪುಟ ಮುಂದೆ ಹೋಗಿ ಕೂರುತ್ತದೆ, ಹೇಳಿದ್ದು ಕೇಳುವುದಿಲ್ಲ. ಸಮಸ್ಯೆ ಇಲ್ಲದ ಮನೆ ಯಾವುದೂ ಇಲ್ಲ ಬಿಡಿ.

ನನ್ನ ಕೈ ನಡುಗುವುದು ಕಾಪಿ-ಪೇಸ್ಟಿಗೆ. ಮದುವೆಗೆ ಒಬ್ಬರನ್ನು ಕರೆದರೆ ಓಣಿಯ ಮಂದಿಯನ್ನೆಲ್ಲ ಕಟ್ಟಿಕೊಂಡು ಬಂದ ಹಾಗೆ, ಇಂಟರ್ನೆಟ್ಟಿನಿಂದ ಒಂದು ಪ್ಯಾರಾ ತಂದರೆ ಅದರ ಫಾಂಟು, ಬಣ್ಣ, ಹಿಂದಿನ ಬೂದು ನೆರಳು ಎಲ್ಲ ಬರುತ್ತವೆ. 'ಕೀಪ್ ಟೆಕ್ಸ್ಟ್ ಓನ್ಲಿ' ಅಂತ ಪೇಸ್ಟ್ ಮಾಡಿದರೆ ಮಾತು ಮಾತ್ರ ಬರುತ್ತದೆ. ಆಗಲೇ ಬಂದುಬಿಟ್ಟಿದ್ದರೆ ಕಂಟ್ರೋಲ್-ಸ್ಪೇಸ್ ಅಕ್ಷರದ ವೇಷ ಕಳಚುತ್ತದೆ, ಕಂಟ್ರೋಲ್-ಕ್ಯೂ ಪ್ಯಾರಾದ ವೇಷ ಕಳಚುತ್ತದೆ.

ಇಷ್ಟೆಲ್ಲ ಆಗಿ ಪಿಡಿಎಫ್ ಮಾಡಿಕೊಟ್ಟರೆ ಫಾಂಟು ಒಳಗೇ ಕೂತಿರುತ್ತದೆ. ಯಾವ ಕಂಪ್ಯೂಟರಿಗೆ ಹೋದರೂ ಅಕ್ಷರ ಕದಲುವುದಿಲ್ಲ. ಕಾಕಾಗೆ ವಾಟ್ಸಾಪಿನಲ್ಲಿ ಕಳಿಸಿ, ಬಿಲ್ ಬರೆದು, ಫ್ಯಾನಿನ ಕೆಳಗೆ ಕೂತರೆ ಫೋನು.

"ಭಾಳ ಛಲೋ ಆಗ್ಯಾದ್ರಿ. ಆದ್ರ ಸಣ್ಣ ಕಾಕಾನ ಹೆಸರು ಬಿಟ್ಟಾದ. ಅದೇ ಪಿಡಿಎಫ್‌ನ್ಯಾಗ ನಡುವ ಸೇರಿಸಿ ಬಿಡ್ರಿ, ಖಾಲಿ ಜಾಗ ಅದ."